ಬೂದಿ ಮುಚ್ಚಿದ ಕೆಂಡ: ಡಾರ್ಕ್ ಸೋಲ್ಸ್ ಕಥೆ ನನಗೆ ತಿಳಿದ ಬಗೆ

ಸುರಂಗದ ಹುಡುಗ (ಬಾಯಾರು)

ಕಳೆದ ವಾರ ಈ ಚರ್ಚಾವೇದಿಕೆಯಲ್ಲಿ ಒಬ್ಬರು “ಈ ಆಟಗಳಲ್ಲಿ ಕಥೆ ಎಲ್ಲಿದೆ? ಸಾಯುವುದು, ಏಳುವುದು, ಮತ್ತೆ ಸಾಯುವುದು” ಎಂದು ಬರೆದಿದ್ದರು. ಅಲ್ಲೇ ಉತ್ತರ ಕೊಡೋಣವೆಂದು ಕುಳಿತೆ, ಉದ್ದವಾಯಿತು, ಹಾಗಾಗಿ ಬೇರೆಯಾಗಿ ಹಾಕುತ್ತಿದ್ದೇನೆ. ಡಾರ್ಕ್ ಸೋಲ್ಸ್ ಎಂಬ ವಿಡಿಯೊ ಗೇಮಿನ ಗುಟ್ಟುಗಳು ಬಯಲಾಗುತ್ತವೆ. ಆಡುವ ಮನಸ್ಸಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಇದನ್ನು ಮೊದಲು ಆಡಿದ್ದು 2013ರ ಆಟಿ ತಿಂಗಳಲ್ಲಿ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಈ ಆಟವನ್ನು ತಂದದ್ದು 2011ರಲ್ಲಿ, ಕಂಪ್ಯೂಟರಿಗೆ ಬಂದದ್ದು ಮರುವರ್ಷ. ಭಾವ ಕೊಟ್ಟ ಹಳೆಯ ಕಂಪ್ಯೂಟರ್, ಒಂದು ಗುಂಡಿ ಒತ್ತಿದರೆ ಮೇಲೇಳದ ಕಂಟ್ರೋಲರ್, ಹೊರಗೆ ಅಡಿಕೆಗೆ ಎರಡನೆಯ ಮದ್ದು ಬಿಡಲು ಬಿಸಿಲಿಗಾಗಿ ಕಾಯುತ್ತಿದ್ದ ಅಪ್ಪ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆಟದ ಇಂಗ್ಲಿಷ್ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಅದೂ ಹಳೆಗಾಲದ ಧಾಟಿಯ ಇಂಗ್ಲಿಷ್. ಪಾತ್ರಗಳು ಎರಡು ಮಾತಾಡಿ ಸುಮ್ಮನೆ ನಗುತ್ತವೆ, ಆ ನಗುವಿನೊಳಗೆ ಏನೋ ಇದೆ ಎಂಬುದಷ್ಟೇ ಗೊತ್ತಾಗುತ್ತದೆ. ಕತ್ತಿಯೋ ಉಂಗುರವೋ ಹರಕು ಬಟ್ಟೆಯೋ, ಯಾವುದನ್ನು ಎತ್ತಿಕೊಂಡರೂ ಅದರೊಂದಿಗೆ ನಾಲ್ಕು ಸಾಲಿನ ವಿವರಣೆ ಇರುತ್ತದೆ. ಕಥೆ ಇರುವುದು ಆ ಸಾಲುಗಳಲ್ಲಿ, ಮತ್ತು ಯಾವ ಹೆಣ ಎಲ್ಲಿ, ಯಾವ ಕಡೆಗೆ ಕೈ ಚಾಚಿ ಬಿದ್ದಿದೆ ಎಂಬುದರಲ್ಲಿ. ನಾನು ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಆಡಿದವನು.

ಕೊನೆಯ ಎದುರಾಳಿಯ ಹೆಸರು ಗ್ವಿನ್, ಬಿರುದು ‘ಲಾರ್ಡ್ ಆಫ್ ಸಿಂಡರ್’. ಸಿಂಡರ್ ಎಂದರೆ ಕಿಟ್ಟ, ಅರೆಬೆಂದ ಇದ್ದಿಲು ಎಂದೆಲ್ಲ ನಿಘಂಟು ಹೇಳಿತು. ಕಿಟ್ಟದ ದೊರೆ ಎಂದರೆ ಏನರ್ಥ? ಅರ್ಥವಾದದ್ದು ಬಚ್ಚಲುಮನೆಯಲ್ಲಿ. ಅಜ್ಜಿ ರಾತ್ರಿ ಮಲಗುವ ಮುಂಚೆ ಬಚ್ಚಲೊಲೆಯ ಕೆಂಡಗಳನ್ನು ಒಟ್ಟುಮಾಡಿ, ಕೋಲಿನಿಂದ ಬೂದಿ ಎಳೆದು ಮುಚ್ಚುತ್ತಿದ್ದರು. ಬೆಳಗ್ಗೆ ಕೆದಕಿ, ಒಣ ಸೋಗೆಯ ತುದಿ ಇಟ್ಟು ಊದಿದರೆ ಬೆಂಕಿ. ಮಳೆಗಾಲದ ಕೆಲವು ಬೆಳಗುಗಳಲ್ಲಿ ಎಷ್ಟು ಕೆದಕಿದರೂ ಬೂದಿಯೇ. ಆಟದ ಕಥೆಯೂ ಇದೇ. ಯುಗವನ್ನು ಬೆಳಗಿದ ಬೆಂಕಿ ಆರುತ್ತಾ ಬಂದಿದೆ, ಅದನ್ನು ಉಳಿಸಲು ಗ್ವಿನ್ ತನ್ನನ್ನೇ ಸೌದೆಯಾಗಿ ಒಡ್ಡಿಕೊಂಡಿದ್ದಾನೆ. ಹತ್ತಾರು ಗಂಟೆ ಹೆಣಗಿ ಅವನೆದುರು ಹೋಗಿ ನಿಂತರೆ ಉರಿ ಉಳಿದಿರುವುದು ಅವನ ಕೈಯ ಕತ್ತಿಯಲ್ಲಿ ಮಾತ್ರ, ಮೈಯೆಲ್ಲ ಬೂದಿ. ಹಿನ್ನೆಲೆಯಲ್ಲಿ ನಗಾರಿ, ಕಹಳೆ ಯಾವುದೂ ಇಲ್ಲ, ಒಂದೇ ಒಂದು ಪಿಯಾನೊ. ಗೆದ್ದವನಿಗೆ ಗೆದ್ದೆ ಅನಿಸುವುದಿಲ್ಲ.

ಇದರ ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ ಚಿಕ್ಕಂದಿನಲ್ಲಿ ತಮ್ಮ ಓದಿನ ಅಳತೆಗೆ ಮೀರಿದ ಪುಸ್ತಕಗಳನ್ನು ಹಿಡಿದು ಕುಳಿತು, ತಿಳಿಯದ ಕಡೆಗಳಲ್ಲಿ ಚಿತ್ರ ನೋಡಿ ಕಥೆಯನ್ನು ತಾವೇ ತುಂಬಿಸಿಕೊಳ್ಳುತ್ತಿದ್ದರಂತೆ. ಸಂದರ್ಶನದಲ್ಲಿ ಅವರೇ ಹೇಳಿದ ಮಾತು. ಅದನ್ನು ಓದಿದ ದಿನ ನನಗೆ ನಗು ಬಂತು. ಕಾಸರಗೋಡಿನ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಭೂತದ ನುಡಿ ತುಳುವಿನಲ್ಲಿ, ಅದೂ ಪಾಡ್ದನದ ಹಳೆಯ ತುಳುವಿನಲ್ಲಿ. ಸರಕಾರದ ಕಾಗದ ಮಲಯಾಳದಲ್ಲಿ. ಶಾಲೆ ಕನ್ನಡದಲ್ಲಿ, ಮನೆಯ ಮಾತು ಇನ್ನೊಂದು. ಬಸ್ಸಿನ ಬೋರ್ಡನ್ನು ಅಕ್ಷರಗಳ ಡೊಂಕು ನೋಡಿ ಊಹಿಸಿ ಹತ್ತಿ ಬೆಳೆದವರು ನಾವು. ಅರೆತಿಳಿದದ್ದನ್ನು ಊಹೆಯಿಂದ ತುಂಬುವುದು ನಮಗೆ ಉಸಿರಾಟದ ಹಾಗೆ.

ಇನ್ನು ಕಷ್ಟದ ವಿಷಯ. ಆನೋರ್ ಲಾಂಡೊ ಎಂಬ ದೇವನಗರಿಯಲ್ಲಿ ಇಬ್ಬರು ಕಾವಲುಗಾರರು ಒಟ್ಟಿಗೆ ಬರುತ್ತಾರೆ. ಈಟಿ ಹಿಡಿದ ಓರ್ನ್‌ಸ್ಟೀನ್, ಸುತ್ತಿಗೆ ಹಿಡಿದ ಸ್ಮೌಗ್. ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ. ಒಂದು ದಿನ ಕಂಪ್ಯೂಟರ್ ಮುಚ್ಚಿದವನು ನಾಲ್ಕು ತಿಂಗಳು ಅತ್ತ ಹೋಗಲಿಲ್ಲ. ಆಟದ ಆರಂಭದ ಭಾಗದಲ್ಲೇ, ದಣಿವಾರಿಸಿಕೊಳ್ಳುವ ಬೆಂಕಿಯೊಂದರ ಬಳಿ, ಕವಚ ತೊಟ್ಟ ಯೋಧನೊಬ್ಬ ಸುಮ್ಮನೆ ಕುಳಿತಿರುತ್ತಾನೆ. ಬಂದವರನ್ನು ಅಣಕಿಸುತ್ತಾನೆ, ತಾನು ಮಾತ್ರ ಏಳುವುದಿಲ್ಲ. ಈ ಲೋಕದ ಶಾಪವೆಂದರೆ ಸಾವು ಬಾರದಿರುವುದು. ಗುರಿ ಕೈಬಿಟ್ಟವರು ಬುದ್ಧಿಗೆಟ್ಟು ಅಲೆಯುತ್ತಾರೆ, ಅವರನ್ನು ‘ಹಾಲೋ’ ಎನ್ನುತ್ತಾರೆ, ಎಂದರೆ ಟೊಳ್ಳು. ಮುಂದೆ ಆ ಯೋಧನೂ ಟೊಳ್ಳಾಗುತ್ತಾನೆ. ನಾಲ್ಕು ತಿಂಗಳು ನಾನು ಕುಳಿತಿದ್ದದ್ದು ಅವನ ಪಕ್ಕದಲ್ಲೇ ಎಂದು ಹೊಳೆದದ್ದು ಮತ್ತೆ ಆಟ ತೆರೆದ ರಾತ್ರಿ. ಕಷ್ಟವನ್ನು ತೆಗೆದು ಸುಲಭ ಮಾಡಿದ್ದರೆ ಆ ಯೋಧ ನನಗೆ ಒಂದು ಗೊಂಬೆಯಾಗಿ ಉಳಿಯುತ್ತಿದ್ದ. ಈ ಆಟಗಳಲ್ಲಿ ಕಷ್ಟವನ್ನೂ ಕಥೆಯನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಇಡಲಾಗದು ಎಂಬುದು ನನ್ನ ವಾದ.

ನೀವೇನೆನ್ನುತ್ತೀರಿ?

ನೀರ್ಚಾಲು 89

ಅಣ್ಣ, ಕಥೆ ಆಮೇಲೆ. ನಾನು ಕಾಡಿನ ತೋಳದ ಬಳಿ ಎರಡು ವಾರದಿಂದ ಸಿಲುಕಿದ್ದೇನೆ. ಬಾಯಲ್ಲಿ ಕತ್ತಿ ಕಚ್ಚಿಕೊಂಡು ಸುತ್ತು ತಿರುಗುತ್ತದೆ. ಏನು ಮಾಡಬೇಕು?

ಸುರಂಗದ ಹುಡುಗ (ಬಾಯಾರು)

ಹೊಟ್ಟೆಯ ಕೆಳಗೆ ಸೇರಿಕೊಳ್ಳಿ, ದೂರ ನಿಲ್ಲಬೇಡಿ. ಅದರ ಕತ್ತಿ ಬೀಸುವುದು ಹೊರಸುತ್ತಿಗೆ. ಮೈಮೇಲಿನ ಭಾರ ಕಡಿಮೆ ಮಾಡಿ, ಉರುಳುವುದು ಚುರುಕಾಗುತ್ತದೆ. ಆದರೆ ಒಂದು ಪ್ರಶ್ನೆ. ಕಂಪ್ಯೂಟರ್ ಆವೃತ್ತಿಯಲ್ಲಿ ಆಮೇಲೆ ಸೇರಿಸಿದ ಊಲಾಸಿಲ್ ಭಾಗವೂ ಇದೆ. ಅದನ್ನು ಮುಗಿಸಿದ್ದೀರಾ? ಇಲ್ಲದಿದ್ದರೆ ತೋಳವನ್ನು ಅಲ್ಲಿಗೇ ಬಿಟ್ಟು ಮೊದಲು ಅಲ್ಲಿಗೆ ಹೋಗಿಬನ್ನಿ. ಏಕೆಂದು ಈಗ ಹೇಳುವುದಿಲ್ಲ.

ಇರುಳು ಪಾಳಿ

ಉಪ್ಪಳದವನು, ಈಗ ಮಂಗಳೂರಿನಲ್ಲಿ ಆಸ್ಪತ್ರೆಯ ಲ್ಯಾಬ್ ಕೆಲಸ. ಸುರಂಗದ ಹುಡುಗರೇ, ನಿಮ್ಮ ಬಚ್ಚಲೊಲೆಯ ಮಾತು ಇಷ್ಟವಾಯಿತು, ವಾದ ಹಿಡಿಸಲಿಲ್ಲ.

ನಿಮಗೆ ಆಗ ಆಟಿ ತಿಂಗಳ ರಜೆ ಇತ್ತು. ನನಗೆ ಸಿಗುವುದು ಪಾಳಿ ಮುಗಿಸಿ ಬಂದ ಮೇಲಿನ ನಲವತ್ತು ನಿಮಿಷ, ಅದೂ ಮಗಳು ಮಲಗಿದ್ದರೆ. ಈ ಆಟದಲ್ಲಿ ನಡುವೆ ತಡೆದು ನಿಲ್ಲಿಸುವ ಗುಂಡಿಯೇ ಇಲ್ಲ. ಮಗು ಅತ್ತಿತೆಂದು ಎದ್ದು ಹೋಗಿ ತೊಟ್ಟಿಲು ತೂಗಿ ಬರುವಷ್ಟರಲ್ಲಿ ಪರದೆಯ ಮೇಲೆ ‘ಯೂ ಡೈಡ್’ ಎಂಬ ಕೆಂಪಕ್ಷರ. ಇದರಲ್ಲಿ ಯಾವ ಕಥೆ ಇದೆ? ಇದೇ ಕಂಪನಿ 2019ರಲ್ಲಿ ತಂದ ಸೆಕಿರೊದಲ್ಲಿ ತಡೆಯುವ ಗುಂಡಿ ಕೊಟ್ಟಿದೆ. ಅದರಿಂದ ಸೆಕಿರೊ ಸುಲಭವಾಯಿತೇ? ನನ್ನ ಪ್ರಕಾರ ಇವರ ಆಟಗಳಲ್ಲಿ ಅತಿ ಕಠಿಣ ಅದೇ.

ಎಲ್ಲರಿಗೂ ಒಂದೇ ಮಟ್ಟದ ಕಷ್ಟ ಇದ್ದರೆ ಎಲ್ಲರೂ ಒಂದೇ ಅನುಭವದ ಬಗ್ಗೆ ಮಾತಾಡಬಹುದು ಎಂದು ಮಿಯಾಜಾಕಿ ಹೇಳುತ್ತಾರೆ. ಸರಿ. ಆದರೆ ಮಾತಿಗೆ ಬರಲಾಗದೆ ಬಾಗಿಲಲ್ಲೇ ಉಳಿದವರ ಗತಿ? 2018ರ ಸೆಲೆಸ್ಟ್ ನೋಡಿ. ಬೆಟ್ಟ ಹತ್ತುವ ಆಟ, ಬೆರಳು ನೋಯುವಷ್ಟು ಕಷ್ಟ. ಆದರೂ ಆಟದ ವೇಗ ತಗ್ಗಿಸುವ, ಸಾವನ್ನೇ ತಪ್ಪಿಸುವ ಆಯ್ಕೆಗಳನ್ನು ಒಳಗೆ ಇಟ್ಟಿದ್ದಾರೆ. ಬೇಕಾದವರು ಬಳಸುತ್ತಾರೆ, ಬೇಡದವರು ಆ ಕಡೆ ನೋಡುವುದೂ ಇಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬನಿಗೆ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಅವನಿಗೆ ನಿಮ್ಮ ಆ ಯೋಧನ ಪಕ್ಕ ಕುಳಿತುಕೊಳ್ಳುವ ಅವಕಾಶವೂ ಇಲ್ಲ.

ನಿವೃತ್ತ ಮಾಸ್ತರ್

ನಾನು ಆಡುವವನಲ್ಲ, ಮಗ ಆಡುವಾಗ ಹಿಂದೆ ಕುಳಿತು ನೋಡುವವನು. ವಯಸ್ಸು ಅರುವತ್ತು ದಾಟಿದೆ, ಹಾಗಾಗಿ ನನ್ನ ಮಾತನ್ನು ಅಷ್ಟಕ್ಕಷ್ಟೇ ತೆಗೆದುಕೊಳ್ಳಿ.

ತಾಳಮದ್ದಳೆಯಲ್ಲಿ ಕರ್ಣಭೇದನ ಪ್ರಸಂಗವೆಂದು ಇಟ್ಟುಕೊಳ್ಳೋಣ. ವೇಷವಿಲ್ಲ, ಕುಣಿತವಿಲ್ಲ. ಕೃಷ್ಣ ಬಂದು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುತ್ತಾನೆ, ಕರ್ಣ ಒಪ್ಪುವುದಿಲ್ಲ. ಇದು ಸಭೆಯ ಮಗುವಿಗೂ ಗೊತ್ತು. ಆದರೂ ನಡುರಾತ್ರಿಯವರೆಗೆ ಜನ ಅಲುಗುವುದಿಲ್ಲ, ಏಕೆಂದರೆ ಇವತ್ತಿನ ಅರ್ಥಧಾರಿ ಕರ್ಣನ ಬಾಯಲ್ಲಿ ಯಾವ ಹೊಸ ಪ್ರಶ್ನೆ ಇಡುತ್ತಾನೆ ಎಂಬ ಕುತೂಹಲ. ಮಗನ ಆಟದಲ್ಲಿ ಎಲ್ಲ ತಿರುಗುಮುರುಗು. ಅಲ್ಲಿ ಕಥೆ ಯಾರಿಗೂ ಗೊತ್ತಿಲ್ಲ. ಭಾಗವತರು ಎರಡು ಪದ ಹಾಡಿ ಎದ್ದು ಹೋಗಿದ್ದಾರೆ, ಅರ್ಥ ಹೇಳುವ ಕೆಲಸ ಸಭೆಯವರಿಗೆ ಬಿದ್ದಿದೆ. ಮಗ ರಾತ್ರಿಯೆಲ್ಲ ಗೆಳೆಯರೊಂದಿಗೆ ‘ದೇವನಗರಿಯ ಆ ರಾಜಕುಮಾರಿ ನಿಜವಾದವಳೇ, ಮಾಯೆಯೇ’ ಎಂದು ವಾದಿಸುತ್ತಿರುತ್ತಾನೆ. ಅವಳಿಗೆ ಬಾಣ ಬಿಟ್ಟರೆ ಬಿಸಿಲು ಸುರಿಯುತ್ತಿದ್ದ ನಗರ ಒಮ್ಮೆಲೇ ಕತ್ತಲಾಗುವುದನ್ನು ನನಗೂ ತೋರಿಸಿದ. ಒಪ್ಪಬೇಕಾದ ಜಾಣ್ಮೆ. ಸೂರ್ಯನೇ ಸುಳ್ಳೆಂದು ಒಂದು ಮಾತೂ ಆಡದೆ ತಿಳಿಸಿದ್ದಾರೆ.

ಆದರೆ ಸುರಂಗದವರೇ, ‘ಅರೆತಿಳಿಯುವುದು ನಮಗೆ ಉಸಿರಾಟದ ಹಾಗೆ’ ಎಂದಿರಲ್ಲ, ಆ ಮಾತು ನನಗೆ ಚುಚ್ಚಿತು. ಜಾಗದ ಕಾಗದವೊಂದರಲ್ಲಿ ಸರ್ವೆ ನಂಬರು ತಪ್ಪಾದದ್ದನ್ನು ನಾವು ಕಂಡುಕೊಂಡದ್ದು ಹನ್ನೊಂದು ವರ್ಷದ ಮೇಲೆ. ನನ್ನ ತಂದೆಗೆ ಮಲಯಾಳ ಓದಲು ಬರುತ್ತಿರಲಿಲ್ಲ. ಕಚೇರಿಯಲ್ಲಿ ಯಾರೋ ಓದಿ ಹೇಳಿದರು, ತಂದೆ ತಲೆಯಾಡಿಸಿ ಹೆಬ್ಬೆಟ್ಟಲ್ಲ, ಚೆಂದದ ಕನ್ನಡದಲ್ಲಿ ರುಜು ಹಾಕಿ ಬಂದರು. 1956ರ ನವೆಂಬರ್ ಒಂದರ ಬೆಳಗ್ಗೆ ಎದ್ದಾಗ ಊರು ಅಲ್ಲೇ ಇತ್ತು, ಕಾಗದದ ಭಾಷೆ ಬದಲಾಗಿತ್ತು. ಅರ್ಥವಾಗದ ಜಾಗವನ್ನು ಊಹೆಯಿಂದ ತುಂಬುವುದು ಆಟದಲ್ಲಿ ಸೊಗಸು. ಬದುಕಿನಲ್ಲಿ ಅದಕ್ಕೆ ಬೆಲೆ ಕೊಟ್ಟವರಿದ್ದಾರೆ.

ಸುರಂಗದ ಹುಡುಗ (ಬಾಯಾರು)

ಮಾಸ್ತರರೇ, ತಪ್ಪಾಯಿತು. ಆ ಸಾಲನ್ನು ಅಳಿಸುವುದಿಲ್ಲ, ಅಳಿಸಿದರೆ ನಿಮ್ಮ ಉತ್ತರಕ್ಕೆ ನೆಲೆ ಇಲ್ಲದಂತಾಗುತ್ತದೆ. ಆದರೆ ಹಿಂದೆಗೆದುಕೊಂಡಿದ್ದೇನೆ ಎಂದು ತಿಳಿಯಿರಿ. ನಮ್ಮ ಮನೆಯಲ್ಲೂ ಅಂಥ ಒಂದು ಕಾಗದವಿದೆ.

ಇರುಳು ಪಾಳಿಯ ಅಣ್ಣ, ತಡೆಯುವ ಗುಂಡಿಯ ವಿಷಯದಲ್ಲಿ ನನ್ನ ಬಳಿ ಉತ್ತರವಿಲ್ಲ. ಆ ಗುಂಡಿ ಕೊಟ್ಟರೆ ಕಥೆಯ ಕೂದಲೂ ಕೊಂಕುವುದಿಲ್ಲ. ಮಟ್ಟ ಇಳಿಸುವ ವಿಷಯದಲ್ಲಿ ಮಾತ್ರ ನಾನಿನ್ನೂ ಪಟ್ಟು ಬಿಟ್ಟಿಲ್ಲ. ಈ ಆಟದೊಳಗೇ ಸಹಾಯದ ದಾರಿಗಳಿವೆ. ನೆಲದ ಮೇಲೆ ಹೊಳೆಯುವ ಗುರುತು ಮುಟ್ಟಿದರೆ ಎಲ್ಲೋ ಆಡುತ್ತಿರುವ ಅಪರಿಚಿತ ನಿಮ್ಮ ಲೋಕಕ್ಕೆ ಬರುತ್ತಾನೆ, ಹೊಡೆದಾಡುತ್ತಾನೆ, ಕೈಮುಗಿದು ಹೋಗುತ್ತಾನೆ. ನಾನು ಓರ್ನ್‌ಸ್ಟೀನ್ ಮತ್ತು ಸ್ಮೌಗ್ ಇಬ್ಬರನ್ನೂ ದಾಟಿದ್ದು ಹಾಗೆಯೇ. ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಕುಂಬಳೆ ಕಡಲು

ಆ ಅಪರಿಚಿತರು ಬಂದು ಹೋಗುವ ಏರ್ಪಾಡಿನ ಹಿಂದೆ ಒಂದು ಕಥೆ ಇದೆ. ಮಿಯಾಜಾಕಿ ಒಮ್ಮೆ ಹಿಮ ಬಿದ್ದ ಏರುದಾರಿಯಲ್ಲಿ ಕಾರಿನಲ್ಲಿ ಹೋಗುತ್ತಿದ್ದರಂತೆ. ಮುಂದಿನ ಕಾರು ಜಾರಿ ನಿಂತಿತು, ಅದರ ಹಿಂದಿನದೂ ನಿಂತಿತು. ಆಗ ಹಿಂದಿನ ಕಾರು ಮುಂದಿನದನ್ನು ತಳ್ಳಿತು, ಸಾಲಾಗಿ ಒಬ್ಬರನ್ನೊಬ್ಬರು ತಳ್ಳುತ್ತಾ ಮೇಲೇರಿದರು. ಇಳಿದು ಧನ್ಯವಾದ ಹೇಳಲು ನಿಂತರೆ ಮತ್ತೆ ಹೂತುಹೋಗುವ ಭಯ. ಆ ಜನ ಯಾರು, ಮನೆಗೆ ಮುಟ್ಟಿದರೇ ಎಂದು ಕೊನೆಗೂ ಗೊತ್ತಾಗಲಿಲ್ಲ. ಅವರ ಹಿಂದಿನ ಆಟ, 2009ರ ಡೀಮನ್ಸ್ ಸೋಲ್ಸ್‌ನಲ್ಲಿ ಮಾತಿಲ್ಲದೆ ಬಂದು ಮಾತಿಲ್ಲದೆ ಹೋಗುವ ಜೊತೆಗಾರರು ಹುಟ್ಟಿದ್ದು ಆ ನೆನಪಿನಿಂದ. ಮಳೆಗಾಲದಲ್ಲಿ ನಮ್ಮ ಮಣ್ಣುರಸ್ತೆಯಲ್ಲಿ ಜೀಪು ಹೂತಾಗ ಕೈಕೊಟ್ಟವರಿಗೆಲ್ಲ ಇದು ಗೊತ್ತು. ಬಟ್ಟೆಗೆ ಕೆಸರು ಹಾರಿಸಿ ಜೀಪು ಹೋಗಿಬಿಡುತ್ತದೆ.

ಕಷ್ಟ ಮತ್ತು ಕಥೆ ಒಂದಾಗಿರುವುದಕ್ಕೆ ಡಾರ್ಕ್ ಸೋಲ್ಸ್‌ಗಿಂತ ಸೆಕಿರೊ ಒಳ್ಳೆಯ ಉದಾಹರಣೆ ಎಂದು ನನ್ನ ಅನಿಸಿಕೆ. ಅಲ್ಲಿ ನೀವು ಸತ್ತು ಏಳುವುದಕ್ಕೆ ಇತರರು ತೆರಬೇಕಾಗುತ್ತದೆ. ಮತ್ತೆ ಮತ್ತೆ ಸತ್ತರೆ ನಿಮಗೆ ಪರಿಚಯವಾದವರು ಒಬ್ಬೊಬ್ಬರಾಗಿ ಕೆಮ್ಮತೊಡಗುತ್ತಾರೆ. ಒಂದು ಗುಡಿಯಲ್ಲಿ ಬುದ್ಧನ ವಿಗ್ರಹ ಕೆತ್ತುತ್ತಾ ಕುಳಿತ ಮುದುಕ, ಅವನ ಕೆಮ್ಮು ಕೇಳಿದಾಗ ನಾನು ಕಂಟ್ರೋಲರ್ ಹಿಡಿದ ರೀತಿಯೇ ಬದಲಾಯಿತು. ನನ್ನ ಅವಸರಕ್ಕೆ ಅವನೇಕೆ ಕೆಮ್ಮಬೇಕು?

ಪೆರ್ಲದ ಅಕ್ಕ

ಇಷ್ಟು ಹೊತ್ತಾದರೂ ಇದೇ ಕಂಪನಿಯ ಎಲ್ಡನ್ ರಿಂಗ್ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ! 2022ರ ಫೆಬ್ರವರಿಯಲ್ಲಿ ಬಂದದ್ದು. ಹಳೆಯ ಪುರಾಣಭಾಗಕ್ಕೆ ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಕೈಯಿಟ್ಟಿದ್ದಾರೆ. ಅವರು ಬರೆದುಕೊಟ್ಟದ್ದನ್ನು ಆಟದವರು ಹೆಂಚು ಒಡೆದ ಹಾಗೆ ಒಡೆದು ನಾಡೆಲ್ಲ ಚೆಲ್ಲಿದ್ದಾರೆ.

ಅದರಲ್ಲಿ ನನಗೆ ಮರೆಯಲಾಗದ್ದು ರಾಡಾನ್. ಮನೆಯಷ್ಟು ಎತ್ತರದ ಸೇನಾಪತಿ. ನಕ್ಷತ್ರಗಳನ್ನೇ ತಡೆದು ನಿಲ್ಲಿಸಿದವನು, ಈಗ ಮೈಯೆಲ್ಲ ಕೊಳೆತು, ಬುದ್ಧಿ ಹೋಗಿ, ಮರಳುಗಾಡಿನಲ್ಲಿ ಹೆಣ ತಿನ್ನುತ್ತಿದ್ದಾನೆ. ಅವನೊಂದಿಗೆ ಹೋರಾಡುವಾಗ ಅವನ ಕೆಳಗೊಂದು ಪುಟ್ಟ ಬಡಕಲು ಕುದುರೆ ಕಾಣಿಸುತ್ತದೆ. ಎತ್ತಿನ ಗಾತ್ರದವನು ಆಡಿನ ಮರಿಯ ಮೇಲೆ ಕುಳಿತ ಹಾಗೆ. ನಾನು ಮೊದಲ ಸಲ ನಕ್ಕೇಬಿಟ್ಟೆ. ಅವನು ಬಿದ್ದ ಮೇಲೆ ಸಿಗುವ ವಸ್ತುವಿನ ವಿವರಣೆ ಓದಿದಾಗ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ಭಾರವನ್ನು ಹಗುರ ಮಾಡುವ ಮಂತ್ರವಿದ್ಯೆಯನ್ನು ಅವನು ಎಳೆಯ ವಯಸ್ಸಿನಲ್ಲಿ ಕಲಿತದ್ದು, ತಾನು ಬೆಳೆದರೂ ಆ ಕುದುರೆಯನ್ನು ಬಿಟ್ಟುಕೊಡಬೇಕಾಗಬಾರದು ಎಂದು! ನಕ್ಷತ್ರ ತಡೆದದ್ದೆಲ್ಲ ಆಮೇಲಿನ ಮಾತು. ಬುದ್ಧಿ ಪೂರ್ತಿ ಹೋದ ಮೇಲೂ ಅವನ ಭಾರ ಕುದುರೆಯ ಬೆನ್ನಿನ ಮೇಲೆ ಬೀಳುತ್ತಿಲ್ಲ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನೊಂದು. ಈ ವಿವರಣೆಗಳನ್ನು ನನ್ನ ತಂಗಿಗಾಗಿ ಕನ್ನಡಕ್ಕೆ ಮಾಡುತ್ತಿದ್ದೇನೆ, ನೋಟುಪುಸ್ತಕದಲ್ಲಿ. ನಾಯಕನನ್ನು ‘ಟಾರ್ನಿಶ್ಡ್’ ಎನ್ನುತ್ತಾರಲ್ಲ, ಅದಕ್ಕೆ ಏನು ಪದ ಬಳಸಲಿ? ಕಳಂಕಿತ ಎಂದು ಬರೆದಿದ್ದೆ, ಸಮಾಧಾನವಾಗಲಿಲ್ಲ.

ನಿವೃತ್ತ ಮಾಸ್ತರ್

ಕಳಂಕ ಚಂದ್ರನಿಗೆ ಸರಿ, ಉಜ್ಜಿದರೆ ಹೋಗುವುದಿಲ್ಲ. ಇವರ ಕಥೆ ಏನು?

ಪೆರ್ಲದ ಅಕ್ಕ

ಕಣ್ಣಿನ ಚಿನ್ನದ ಹೊಳಪು ಕಳೆದುಕೊಂಡದ್ದಕ್ಕೆ ನಾಡು ಬಿಡಬೇಕಾಗಿ ಬಂದವರು, ಮಾಸ್ತರರೇ. ಬಹಳ ಕಾಲದ ಮೇಲೆ ಅವರನ್ನೇ ಮತ್ತೆ ಕರೆಸಿಕೊಳ್ಳುತ್ತಾರೆ.

ನಿವೃತ್ತ ಮಾಸ್ತರ್

ಹಾಗಾದರೆ ‘ಕಿಲುಬು ಹಿಡಿದವರು’. ದೀಪದ ಕಂಬಕ್ಕೆ ಕಿಲುಬು ಹಿಡಿಯುತ್ತದೆ, ಮೂಲೆಗೆ ಹಾಕುತ್ತೇವೆ, ಹಬ್ಬ ಬಂದಾಗ ಹುಣಸೆಹುಳಿ ಹಾಕಿ ತಿಕ್ಕಿ ಮತ್ತೆ ನಡುಮನೆಗೆ ತರುತ್ತೇವೆ.

ಪೆರ್ಲದ ಅಕ್ಕ

ಬರೆದುಕೊಂಡೆ.

ಇರುಳು ಪಾಳಿ

ಪದ ಚೆನ್ನಾಗಿದೆ, ಆದರೆ ಆಟದ ಪರದೆಯ ಮೂಲೆಯಲ್ಲಿ ಅಷ್ಟುದ್ದ ಹಿಡಿಸುವುದಿಲ್ಲ. ಅಕ್ಕ, ಆ ನೋಟುಪುಸ್ತಕ ಮುಗಿದ ದಿನ ಪುಟಗಳ ಫೋಟೊ ಇಲ್ಲಿ ಹಾಕಿ. ನನ್ನ ಜೊತೆಯ ಹುಡುಗನಿಗೆ ಆಡಲಾಗದಿದ್ದರೂ ಓದಲಾಗುತ್ತದೆ. ಅವನು ಮುಳ್ಳೇರಿಯದವನು.

ನೀರ್ಚಾಲು 89

ಅಣ್ಣ, ನೀವು ಹೇಳಿದ ಹಾಗೆ ತೋಳವನ್ನು ಬಿಟ್ಟು ಊಲಾಸಿಲ್‌ಗೆ ಹೋಗಿದ್ದೆ. ಒಂಬತ್ತು ದಿನ ಹಿಡಿಯಿತು. ಕಂಡದ್ದನ್ನು ಹೇಳುತ್ತೇನೆ, ಸರಿಯೇ ನೋಡಿ.

ಇಡೀ ಆಟದಲ್ಲಿ ಆರ್ಟೋರಿಯಸ್ ಎಂಬ ವೀರನ ಹೊಗಳಿಕೆ ಇದೆ. ಪಾತಾಳದ ಕತ್ತಲನ್ನು ಗೆದ್ದವನು ಎಂದು. ಅವನದೇ ಸಮಾಧಿಯನ್ನು ಈ ತೋಳ ಕಾಯುವುದು. ಊಲಾಸಿಲ್ ಎಂದರೆ ಆ ಹಳೆಯ ಕಾಲ. ಅಲ್ಲಿ ಅವನು ನನ್ನೆದುರು ಬಂದಾಗ ಕತ್ತಲು ಅವನನ್ನೇ ನುಂಗಿತ್ತು, ಎಡಗೈ ಮುರಿದು ಜೋತಾಡುತ್ತಿತ್ತು, ಕೈಯಲ್ಲಿ ಗುರಾಣಿ ಇರಲಿಲ್ಲ. ಇಂಥ ವೀರನಿಗೆ ಗುರಾಣಿ ಏಕಿಲ್ಲ ಎಂದುಕೊಂಡೆ, ಅಷ್ಟೇ. ಆಮೇಲೆ ಕೆಳಗಿನ ಕತ್ತಲ ಕಂದರದಲ್ಲಿ ಒಂದು ಬಿಳಿ ಬೆಕ್ಕು ಕಾಣಿಸಿತು. ಅದು ಮಾಯವಾದ ಕಡೆ ಗೋಡೆಗೆ ಕತ್ತಿ ಬೀಸಿದರೆ ಗೋಡೆಯೇ ಇಲ್ಲ. ಒಳಗೆ ಬೆಳಕಿನ ಒಂದು ಸುತ್ತು, ಅದರ ನಡುವೆ ತೋಳದ ಮರಿ, ಸುತ್ತಲೂ ಕಪ್ಪು ನೆರಳುಗಳು. ಗುರಾಣಿ ಅಲ್ಲಿತ್ತು. ತನಗಿದ್ದ ಒಂದೇ ರಕ್ಷೆಯನ್ನು ಮರಿಗೆ ಇಟ್ಟು, ಗುರಾಣಿಯಿಲ್ಲದೆ ಕತ್ತಲೊಳಗೆ ಹೋಗಿದ್ದಾನೆ. ಅವನು ಗೆಲ್ಲಲೇ ಇಲ್ಲ. ಆ ಕತ್ತಲನ್ನು ಕೊಂದದ್ದು ನಾನು, ಹೆಸರು ಬಂದದ್ದು ಅವನಿಗೆ. ಬರಲಿ ಬಿಡಿ.

ನಿನ್ನೆ ರಾತ್ರಿ ಸಮಾಧಿಗೆ ಮರಳಿದೆ. ಮೊದಲೆಲ್ಲ ತೋಳ ಗುರುಗುಟ್ಟಿ ನೇರ ಹಾರುತ್ತಿತ್ತು. ಈ ಸಲ ಹತ್ತಿರ ಬಂದು ನನ್ನನ್ನು ಮೂಸಿತು. ಗುರುತು ಹಿಡಿಯಿತು. ತಲೆಯೆತ್ತಿ ಊಳಿಟ್ಟಿತು. ಆಮೇಲೆ ಕತ್ತಿ ಕಚ್ಚಿಕೊಂಡಿತು. ಅದರ ಬಳಿ ಇರುವ ಉಂಗುರವಿಲ್ಲದೆ ಮುಂದೆ ಹೋಗಲಾಗದು ಎಂದು ನನಗೂ ಗೊತ್ತು, ಅದಕ್ಕೂ ಗೊತ್ತಿದ್ದಂತೆ ಕಂಡಿತು.

ನೀವು ಹೇಳಿದಂತೆ ಹೊಟ್ಟೆಯ ಕೆಳಗೆ ಸೇರಿಕೊಂಡೆ, ಕೆಲಸ ಆಯಿತು. ಇನ್ನೆರಡೇ ಏಟು ಎನ್ನುವಾಗ ಅದು ಕುಂಟತೊಡಗಿತು. ಕತ್ತಿ ಬೀಸಲು ಹೋಗಿ ತಾನೇ ಮುಗ್ಗರಿಸುತ್ತದೆ, ಮತ್ತೆ ಏಳುತ್ತದೆ. ನಾನು ಕಂಟ್ರೋಲರನ್ನು ಚಾಪೆಯ ಮೇಲಿಟ್ಟುಬಿಟ್ಟೆ. ಅದು ಕುಂಟುತ್ತಲೇ ಬಂದು ನನ್ನನ್ನು ಕೊಂದಿತು.

ಇವತ್ತು ಕೆಲಸದಿಂದ ಬಂದು ಕಂಪ್ಯೂಟರ್ ಹಾಕಿದೆ, ಅಷ್ಟರಲ್ಲಿ ಕರೆಂಟು ಹೋಯಿತು. ನಿಜ ಹೇಳುತ್ತೇನೆ ಅಣ್ಣ, ಹೋದದ್ದು ಒಳ್ಳೆಯದಾಯಿತು ಅನಿಸಿತು.